ಮಗುವಿನ ದಿನಚರಿಗೆ ಮೇಲಧಿಕಾರಿ ಬೇಡ

ಕಳೆದ ದೀಪಾವಳಿಗೆ ಮುನ್ನ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಟ್ರಂಕೊಂದನ್ನು ಕೆಳಗಿಳಿಸಬೇಕಾಯಿತು. 36 ವರ್ಷಗಳ ಸರ್ಕಾರಿ ಸೇವೆಯಲ್ಲಿ 14 ಬಾರಿ ವರ್ಗಾವಣೆಗೊಂಡ ನನ್ನೊಡನೆ ಊರಿಂದೂರಿಗೆ ಅಲೆದ ಟ್ರಂಕು ಅದು. ಒಳಗೆ ವರ್ಗಾವಣೆ ಆದೇಶಗಳ ಪ್ರತಿಗಳು, ಬಾಡಿಗೆ ರಸೀದಿಗಳು, ಮಕ್ಕಳ ಅಂಕಪಟ್ಟಿಗಳು. ಇವುಗಳ ನಡುವೆ, ಬ್ಯಾಂಕೊಂದು ಹೊಸ ವರ್ಷಕ್ಕೆ ಉಚಿತವಾಗಿ ಕೊಟ್ಟಿದ್ದ 1994ರ ಡೈರಿಯೊಂದು ಸಿಕ್ಕಿತು.

ಆ ಡೈರಿ ನನ್ನ ಮಗಳದು. ಆಗ ಅವಳಿಗೆ 11 ವರ್ಷ. ನಾನು ಉತ್ತರ ಕರ್ನಾಟಕದ ಜಿಲ್ಲೆಯೊಂದರಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಐದು ವರ್ಷಗಳಲ್ಲಿ ಅವಳು ಸೇರಿದ ನಾಲ್ಕನೆಯ ಶಾಲೆ ಅಲ್ಲಿನದು. ಜನವರಿ 1ರಿಂದ ಫೆಬ್ರವರಿ 11ರವರೆಗೆ ದಿನಕ್ಕೆ ಐದಾರು ಸಾಲುಗಳಂತೆ ಬರೆದಿದ್ದಾಳೆ. ಅಲ್ಲಿಂದ ಮುಂದಿನ ಪುಟಗಳೆಲ್ಲ ಖಾಲಿ. ಬರೆದ ಪ್ರತಿ ಪುಟದಲ್ಲಿಯೂ ಕೆಂಪು ಶಾಯಿಯ ತಿದ್ದುಪಡಿಗಳಿವೆ. ಅಲ್ಪಪ್ರಾಣ ಮಹಾಪ್ರಾಣವಾಗಿದೆ, ಹ್ರಸ್ವ ದೀರ್ಘವಾಗಿದೆ. ಪುಟದ ಕೆಳಗೆ ‘ನೋಡಿದೆ’ ಎಂಬ ಷರಾ, ಅದರಡಿ ಕಿರುಸಹಿ, ದಿನಾಂಕ. ಆ ಕೆಂಪು ಶಾಯಿ ನನ್ನದು.

ಜನವರಿ 27ರ ಪುಟದಲ್ಲಿ ಒಂದು ವಾಕ್ಯವಿದೆ: ‘ಇವತ್ತೂ ಅಪ್ಪ ಉಟಕ್ಕೆ ಬರಲಿಲ್ಲ’. ನಾನು ‘ಉಟ’ಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ದುಂಡಗೆ ‘ಊಟ’ ಎಂದು ಬರೆದಿದ್ದೇನೆ. ಕೆಳಗೆ ಎಂದಿನಂತೆ ‘ನೋಡಿದೆ’. ಅಕ್ಷರವನ್ನು ನೋಡಿದ್ದೆ, ವಾಕ್ಯವನ್ನು ನೋಡಿರಲಿಲ್ಲ. 30 ವರ್ಷಗಳಿಗೂ ಹೆಚ್ಚು ಕಾಲದ ನಂತರ, ಬಣ್ಣದ ಡಬ್ಬಿಗಳ ನಡುವೆ ನೆಲದ ಮೇಲೆ ಕುಳಿತು, ಅದನ್ನು ಮೊದಲ ಬಾರಿಗೆ ಓದಿದೆ.

ಈ ಖಾಸಗಿ ಸಂಗತಿಯನ್ನು ಪತ್ರಿಕೆಯಲ್ಲಿ ಹೇಳಿಕೊಳ್ಳಲು ಕಾರಣವಿದೆ. ಅದೇ ಮಗಳ ಮಗಳಿಗೆ ಈಗ 10 ವರ್ಷ. ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ನೋಟ್‌ಪುಸ್ತಕವೊಂದನ್ನು ಹಿಡಿದುಕೊಂಡು, ‘ಅಜ್ಜ, ಡೈರಿ ಬರೆಯಬೇಕು ಅಂದರೆ ಏನು ಬರೀಬೇಕು?’ ಎಂದು ಕೇಳಿದಳು. ಮಕ್ಕಳು ದಿನಚರಿ ಬರೆಯುವುದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಇದ್ದರೆ ಎಷ್ಟು? ಹಿರಿಯರಾದ ನಾವು ಅದರಲ್ಲಿ ವಹಿಸಬೇಕಾದ ಪಾತ್ರವಾದರೂ ಯಾವುದು? ಅವಳಿಗೆ ಉತ್ತರ ಕೊಡುವ ಮೊದಲು ನನಗೆ ನಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೊದಲು ಒಂದು ವಿಪರ್ಯಾಸವನ್ನು ಗಮನಿಸಬೇಕು. ನಮ್ಮ ಮಧ್ಯಮ ವರ್ಗದ ಮಕ್ಕಳಿಗೆ ‘ಡೈರಿ’ ಎಂಬ ಪದ ಅಪರಿಚಿತವೇನಲ್ಲ. ಶಾಲಾ ಚೀಲದಲ್ಲಿ ಅದು ನಿತ್ಯ ಇರುತ್ತದೆ. ಮನೆಗೆಲಸ ಮಾಡಿಲ್ಲ, ತರಗತಿಯಲ್ಲಿ ಮಾತನಾಡುತ್ತಾನೆ, ಶೂ ಪಾಲಿಶ್ ಆಗಿಲ್ಲ ಎಂದು ಶಿಕ್ಷಕರು ಬರೆಯುವ, ತಂದೆತಾಯಿ ಸಹಿ ಮಾಡಿ ಕಳುಹಿಸುವ ಪುಸ್ತಕವದು. ಅಂದರೆ ಮಗುವಿನ ಕುರಿತು ಇತರರು ಬರೆಯುವ ಆರೋಪಪಟ್ಟಿ. ಈಚೆಗೆ ಅನೇಕ ಶಾಲೆಗಳಲ್ಲಿ ಅದೂ ಮೊಬೈಲಿಗೆ ವರ್ಗವಾಗಿದೆ. ಮಗುವಿನ ಹೆಸರಿನಲ್ಲಿ ಹುಟ್ಟಿನಿಂದಲೇ ಎಷ್ಟೊಂದು ದಾಖಲೆಗಳು! ಲಸಿಕೆಯ ಚೀಟಿ, ಆಧಾರ್, ಅಂಕಪಟ್ಟಿ, ಹಾಜರಾತಿ. ಇವುಗಳಲ್ಲಿ ಮಗು ತಾನೇ ಬರೆದದ್ದು ಒಂದೂ ಇಲ್ಲ. ಹೊಸ ವರ್ಷಕ್ಕೆ ಮನೆಗೆ ಬರುತ್ತಿದ್ದ ಉಚಿತ ಡೈರಿಗಳ ಕಾಲವೂ ಬಹುಮಟ್ಟಿಗೆ ಮುಗಿದಿದೆ. ಸಚಿವಾಲಯಗಳು, ಸಾರ್ವಜನಿಕ ಉದ್ದಿಮೆಗಳು, ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು ಕಾಗದದ ಡೈರಿ, ಕ್ಯಾಲೆಂಡರುಗಳನ್ನು ಮುದ್ರಿಸಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ 2020ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಮಿತವ್ಯಯದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹಾಲಿನ ಲೆಕ್ಕಕ್ಕೂ ದೋಬಿಯ ಲೆಕ್ಕಕ್ಕೂ ಬಳಸಿ ಉಳಿದ ಡೈರಿಯೊಂದು ಮಕ್ಕಳ ಕೈಗೆ ತಾನಾಗಿಯೇ ಸೇರುವ ದಾರಿಯೊಂದು ಮುಚ್ಚಿಹೋಯಿತು.

ಇನ್ನು ಪ್ರಯೋಜನದ ಮಾತು. ಅರ್ಥಶಾಸ್ತ್ರ ಓದಿದವನಾದ್ದರಿಂದ ಲಾಭವನ್ನು ಉತ್ಪ್ರೇಕ್ಷಿಸಿ ಹೇಳಲು ನನಗೆ ಸಂಕೋಚ.

ಮನಸ್ಸಿನ ನೋವನ್ನು ಬರೆದುಕೊಳ್ಳುವುದರಿಂದ ಆಗುವ ಪರಿಣಾಮವನ್ನು ಪ್ರಯೋಗದ ಮೂಲಕ ಪರೀಕ್ಷಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಪ್ರಮುಖರು. ಸ್ಯಾಂಡ್ರಾ ಬೀಲ್ ಅವರೊಡನೆ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ತಮ್ಮ ಬದುಕಿನ ಆಘಾತಕರ ಘಟನೆಯ ಬಗ್ಗೆ, ಕೆಲವರು ಯಾವುದೋ ಸಾಮಾನ್ಯ ವಿಷಯದ ಬಗ್ಗೆ ಬರೆದರು. ಘಟನೆಯನ್ನೂ ಅದರ ಜೊತೆಗಿನ ಭಾವನೆಗಳನ್ನೂ ಬರೆದವರಿಗೆ ಬರೆದ ತಕ್ಷಣ ಮನಸ್ಸು ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದ ಸಂದರ್ಭಗಳು ಉಳಿದವರಿಗಿಂತ ಕಡಿಮೆಯಾಗಿದ್ದವು. ಅಲ್ಲಿಂದೀಚೆಗೆ ಇಂತಹ ನೂರಾರು ಪ್ರಯೋಗಗಳು ನಡೆದಿವೆ. ಜೋನ್ ಫ್ರಾಟರೋಲಿ ಎಂಬ ಸಂಶೋಧಕಿ 2006ರಲ್ಲಿ ಅಂತಹ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಕಂಡ ಸರಾಸರಿ ಪರಿಣಾಮ ಧನಾತ್ಮಕವೇ ಆಗಿತ್ತು, ಆದರೆ ಚಿಕ್ಕದಾಗಿತ್ತು.

ಈ ‘ಚಿಕ್ಕದು’ ಎಂಬ ಮಾತನ್ನು ಮರೆಮಾಚಬೇಕಾಗಿಲ್ಲ. ಒಂದು ಯೋಜನೆಯನ್ನು ತೂಗುವಾಗ ಲಾಭವೆಷ್ಟು ಎಂಬುದರ ಜೊತೆಗೆ ವೆಚ್ಚವೆಷ್ಟು ಎಂಬುದನ್ನೂ ಕೇಳಬೇಕಲ್ಲವೇ? ಇಲ್ಲಿ ವೆಚ್ಚವೆಂದರೆ ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್, ಹತ್ತು ನಿಮಿಷ. ಇಷ್ಟು ಅಲ್ಪ ವೆಚ್ಚಕ್ಕೆ ಸಣ್ಣದಾದರೂ ಲಾಭ ಕೊಡುವ ಹೂಡಿಕೆಗಳು ಹೆಚ್ಚಿಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಪೆನ್ನೆಬೇಕರ್ ಅವರ ಆ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಹತ್ತು ವರ್ಷದ ಮಕ್ಕಳ ಮೇಲಲ್ಲ. ದಿನಚರಿ ಔಷಧವೂ ಅಲ್ಲ. ತೀವ್ರ ಖಿನ್ನತೆಯಲ್ಲಿರುವ, ಹಿಂಸೆಗೆ ಗುರಿಯಾಗಿರುವ ಮಗುವಿಗೆ ಬೇಕಾದದ್ದು ನಂಬಿಕಸ್ಥ ಹಿರಿಯರು ಮತ್ತು ವೈದ್ಯರು. 1098 ಮಕ್ಕಳ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನದಲ್ಲಿರುವ ‘ಟೆಲಿ ಮಾನಸ್’ನ 14416 ಸಂಖ್ಯೆಯೂ ಇದೆ. ನೋಟ್‌ಪುಸ್ತಕ ಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು.

ಎರಡನೆಯ ಪ್ರಯೋಜನ ಭಾಷೆಗೆ ಸಂಬಂಧಿಸಿದ್ದು. 2024ರ ‘ಅಸರ್’ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು ಅರ್ಧಕ್ಕಿಂತ ತುಸು ಕಡಿಮೆ. ಈ ಸಮೀಕ್ಷೆ ಮುಖ್ಯವಾಗಿ ಅಳೆಯುವುದು ಓದನ್ನು ಮತ್ತು ಲೆಕ್ಕವನ್ನು. ತನ್ನದೇ ವಿಚಾರವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಬಲ್ಲ ಮಕ್ಕಳೆಷ್ಟು ಎಂಬ ಪ್ರಶ್ನೆ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಕೇಳಿಬರುವುದೇ ಅಪರೂಪ. ಶಾಲೆಯಲ್ಲಿ ಮಗು ದಿನವಿಡೀ ಬರೆಯುತ್ತದೆ ನಿಜ. ಆದರೆ ಅದರಲ್ಲಿ ಬಹುಪಾಲು ಹಲಗೆಯ ಮೇಲಿನದರ ನಕಲು, ಗೈಡಿನ ಉತ್ತರದ ನಕಲು. ಯಾರೂ ಹೇಳಿಕೊಡದ ವಾಕ್ಯವೊಂದನ್ನು ಕಟ್ಟುವ ಅವಕಾಶ ಅದಕ್ಕೆ ಸಿಗುವುದೆಲ್ಲಿ? ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕು, ಕಂಠಪಾಠದಿಂದ ದೂರ ಸರಿಯಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿ ಎರಡು ದಶಕಗಳು ಕಳೆದಿವೆ.

ಇದರೊಡನೆ ಕನ್ನಡದ ಪ್ರಶ್ನೆಯೂ ಬೆಸೆದುಕೊಂಡಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂದು 2014ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿತು. ಆ ತೀರ್ಪಿನ ಬಗ್ಗೆ ಭಿನ್ನಾಭಿಪ್ರಾಯಗಳೇನೇ ಇರಲಿ, ಮಾಧ್ಯಮದ ಆಯ್ಕೆ ಈಗ ತಂದೆತಾಯಿಯದು. ನಗರಗಳ ತಂದೆತಾಯಂದಿರಲ್ಲಿ ಹೆಚ್ಚಿನವರು ಏನನ್ನು ಆಯ್ದುಕೊಂಡಿದ್ದಾರೆಂಬುದು ತಿಳಿದೇ ಇದೆ. ನಾನೂ ಅದಕ್ಕೆ ಹೊರತಾಗಿರಲಿಲ್ಲ. ಹೀಗಿರುವಾಗ ನಮ್ಮ ಮೊಮ್ಮಕ್ಕಳಿಗೆ ಕನ್ನಡ ಉಳಿದಿರುವುದು ವಾರಕ್ಕೆ ಕೆಲವು ಪೀರಿಯಡ್ಡುಗಳ ವಿಷಯವಾಗಿ, ಅಜ್ಜಿಯ ಜೊತೆಗಿನ ಮಾತಾಗಿ. ಬರವಣಿಗೆಯ ಕನ್ನಡವೆಂದರೆ ಅವರಿಗೆ ಪರೀಕ್ಷೆಯ ಕನ್ನಡ. ಪರೀಕ್ಷೆಯ ಹಂಗಿಲ್ಲದೆ ಕನ್ನಡದಲ್ಲಿ ಬರೆಯಬಹುದಾದ ಒಂದು ಜಾಗ ಅವರ ಬದುಕಿನಲ್ಲಿ ಇದ್ದರೆ ಅದು ದಿನಚರಿಯೇ ಆದೀತು. ಮಗು ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಬೆರೆಸಿ ಬರೆದರೂ ಚಿಂತೆಯಿಲ್ಲ. ನಾವು ಮಾತನಾಡುವುದೂ ಹಾಗೆಯೇ ತಾನೆ?

ಮೂರನೆಯದು ಗಮನಿಸುವ ಅಭ್ಯಾಸ. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಫ್ರಾನ್ಸಿಸ್ ಬುಕಾನನ್ನನ ಹೆಸರು ಪರಿಚಿತ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಪ್ರಾಂತಗಳನ್ನು ಸುತ್ತಿದ ಈ ವೈದ್ಯ, ಅಂದಂದು ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಪ್ರಕಟವಾಯಿತು. ಯಾವ ಹೊಲದಲ್ಲಿ ಯಾವ ಬೆಳೆ, ನೇಕಾರನ ದುಡಿಮೆಯೆಷ್ಟು, ಕೂಲಿಯೆಷ್ಟು ಎಂಬುದು ಇಂದಿಗೂ ನಮಗೆ ತಿಳಿಯುವುದು ಆತ ಸಂಜೆ ಬಿಡಾರದಲ್ಲಿ ಕುಳಿತು ಬರೆದದ್ದರಿಂದ. ಆತ ಬರೆದದ್ದು ಕಂಪನಿ ಸರ್ಕಾರದ ಉಪಯೋಗಕ್ಕಾಗಿ ಎಂಬುದೂ ನಿಜ. ಅದಕ್ಕೂ ಮೊದಲು ಪಾಂಡಿಚೇರಿಯಲ್ಲಿ ಆನಂದ ರಂಗ ಪಿಳ್ಳೆ ಎಂಬ ದುಭಾಷಿ 1736ರಿಂದ 1761ರವರೆಗೆ, ಅಂದರೆ ತೀರಿಕೊಳ್ಳುವ ವರ್ಷದವರೆಗೂ, ತಮಿಳಿನಲ್ಲಿ ಬರೆದ ದಿನಚರಿ ಆ ಕಾಲದ ಫ್ರೆಂಚ್ ಆಡಳಿತದ ಒಳಗುಟ್ಟುಗಳನ್ನೆಲ್ಲ ಹೇಳುತ್ತದೆ.

ಮಕ್ಕಳು ಬುಕಾನನ್ ಆಗಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಹೊಂಗೆಯ ಮರ ಯಾವ ದಿನ ಹೂ ಬಿಟ್ಟಿತು, ಮೊದಲ ಮಳೆ ಯಾವ ದಿನ ಬಂತು, ಟೊಮೆಟೊ ಕಿಲೋಗೆ ಎಷ್ಟಾಯಿತು ಎಂದು ಬರೆದಿಡುವ ಮಗು ಮರುವರ್ಷ ತಿರುವಿ ನೋಡಿದಾಗ ಹೋಲಿಸುವುದನ್ನು ಕಲಿಯುತ್ತದೆ. ಹೋಲಿಕೆ ಇಲ್ಲದೆ ಯಾವ ಶಾಸ್ತ್ರವೂ ಇಲ್ಲ. ಇನ್ನೊಂದು ಉದಾಹರಣೆ ನಮ್ಮ ಕಣ್ಣಮುಂದಿನದು. ಕೋವಿಡ್‌ನಿಂದಾಗಿ 2020ರ ಮಾರ್ಚಿನಲ್ಲಿ ಮುಚ್ಚಿದ ನಮ್ಮ ರಾಜ್ಯದ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. 19 ತಿಂಗಳು! ಆ ಅವಧಿಯ ಬಗ್ಗೆ ಸರ್ಕಾರದ ಅಂಕಿಅಂಶಗಳಿವೆ, ತಜ್ಞರ ವರದಿಗಳಿವೆ. ಆಗ ಎಂಟು ವರ್ಷದವರಾಗಿದ್ದ ಮಕ್ಕಳು ಏನನ್ನು ಕಂಡರು, ಯಾವುದಕ್ಕೆ ಹೆದರಿದರು ಎಂಬುದಕ್ಕೆ ಅವರದೇ ಕೈಬರಹದ ದಾಖಲೆ ಎಷ್ಟು ಮನೆಗಳಲ್ಲಿದೆ? ನನ್ನ ಪರಿಚಿತರ ಮನೆಗಳಲ್ಲಿ ವಿಚಾರಿಸಿದೆ. ಒಂದರಲ್ಲಿಯೂ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಉತ್ಸಾಹಿಗಳಾದ ಓದುಗರು ‘ಹಾಗಾದರೆ ಇದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಬಾರದೇಕೆ?’ ಎಂದು ಕೇಳಬಹುದು. ದಯವಿಟ್ಟು ಬೇಡ. ಹೀಗೆ ಹೇಳುತ್ತಿರುವವನು ಸ್ವತಃ ಹತ್ತಾರು ಸುತ್ತೋಲೆಗಳಿಗೆ ಸಹಿ ಹಾಕಿದವನು. ನನ್ನ ಅಧೀನ ಸಿಬ್ಬಂದಿ ಪ್ರತಿ ತಿಂಗಳು ಪ್ರವಾಸ ದಿನಚರಿ ಸಲ್ಲಿಸಬೇಕಾಗಿತ್ತು. ಅವುಗಳಲ್ಲಿ ಅನೇಕವು ತಿಂಗಳ ಕೊನೆಯ ದಿನ ಒಂದೇ ಆಸನದಲ್ಲಿ ಕುಳಿತು ಬರೆದವು ಎಂಬುದು ನನಗೆ ಗೊತ್ತಿತ್ತು. ಅನುಮಾನ ಬಾರದಿರಲೆಂದು ನಡುನಡುವೆ ಪೆನ್ನು ಬದಲಿಸುವವರೂ ಇದ್ದರು. ನಾನು ನನ್ನ ಮೇಲಧಿಕಾರಿಗೆ ಸಲ್ಲಿಸಿದ ದಿನಚರಿಗಳೂ ಸದಾ ಇದಕ್ಕಿಂತ ಉತ್ತಮವಾಗಿದ್ದವೆಂದು ಪ್ರಮಾಣ ಮಾಡಲಾರೆ. ತಪಾಸಣೆಗಾಗಿ ಬರೆದ ದಿನಚರಿಯಲ್ಲಿ ಸತ್ಯ ಇರುವುದಿಲ್ಲ, ತಪಾಸಣಾಧಿಕಾರಿಗೆ ಇಷ್ಟವಾಗುವುದು ಇರುತ್ತದೆ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಸಂದರ್ಭದಲ್ಲಿ 1975ರಲ್ಲಿ ಮುಂದಿಟ್ಟ ವಿಚಾರವೊಂದು ಈಗ ಅವರ ಹೆಸರಿನಲ್ಲಿಯೇ ನಿಯಮವೆನಿಸಿಕೊಂಡಿದೆ. ಯಾವುದೇ ಅಳತೆಗೋಲನ್ನು ಗುರಿಯನ್ನಾಗಿ ಮಾಡಿಕೊಂಡ ಕೂಡಲೇ ಅದು ಅಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ಸಾರ. ಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೂ ನೇರವಾದ ಸಾಕ್ಷ್ಯವಿದೆ. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗವದು. ಚಿತ್ರ ಬಿಡಿಸುವುದರಲ್ಲಿ ತಾವಾಗಿಯೇ ಆಸಕ್ತಿ ತೋರುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಸಿಗುತ್ತದೆಂದು ಮೊದಲೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಒಂದೆರಡು ವಾರಗಳ ನಂತರ ಗಮನಿಸಿದಾಗ, ಪ್ರಶಸ್ತಿಗಾಗಿ ಬಿಡಿಸಿದ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧದಷ್ಟಿತ್ತು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಕೂಲಿಯ ಕೆಲಸವಾಗಿ ಬದಲಾಗಿತ್ತು. ದಿನಚರಿಗೆ ಅಂಕ ಕೊಟ್ಟರೆ, ‘ಅತ್ಯುತ್ತಮ ದಿನಚರಿ’ ಸ್ಪರ್ಧೆ ಏರ್ಪಡಿಸಿದರೆ ಆಗುವುದೂ ಇದೇ. ಮಗು ತನ್ನ ದಿನವನ್ನು ಬರೆಯುವ ಬದಲು ಬಹುಮಾನ ಬರುವಂತಹ ದಿನವೊಂದನ್ನು ಸೃಷ್ಟಿಸತೊಡಗುತ್ತದೆ.

ನನ್ನ ಕೆಂಪು ಶಾಯಿಯೂ ಇಂತಹುದೇ. ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ರೈತನ ಭೂಮಿ ಕೈತಪ್ಪಬಹುದೆಂಬ ಭಯದಲ್ಲಿ ಬೆಳೆದ ನೌಕರ ನಾನು. ಕಚೇರಿಯ ಗುಣ ಮನೆಗೂ ಬಂತು. ದುರುದ್ದೇಶವಿರಲಿಲ್ಲ; ಮಗಳ ಕನ್ನಡ ಚೆನ್ನಾಗಿರಲೆಂಬ ಆಸೆಯೇ ಇತ್ತು. ಆದರೆ ಪ್ರತಿ ರಾತ್ರಿ ಮೇಲಧಿಕಾರಿಯ ಮುಂದೆ ಕಡತ ಇಡುವಂತೆ ಡೈರಿ ತಂದಿಡಬೇಕಾದ ಮಗು ಎಷ್ಟು ದಿನ ಬರೆದೀತು? 42 ದಿನ ಬರೆದಳು. ಅದೇ ಹೆಚ್ಚು.

ಇಲ್ಲಿಂದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮಗುವಿನ ದಿನಚರಿಯನ್ನು ತಂದೆತಾಯಿ ಓದಬಹುದೇ?

ಮಕ್ಕಳ ದಿನಚರಿಯೆಂದರೆ ಜಗತ್ತು ಮೊದಲು ನೆನೆಯುವುದು ಆನ್ ಫ್ರಾಂಕಳನ್ನು. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ಅವಳು ಬರೆಯತೊಡಗಿದಳು. ಮುಂದಿನ ತಿಂಗಳೇ ಆ ಯಹೂದಿ ಕುಟುಂಬ ನಾಜಿಗಳಿಂದ ತಪ್ಪಿಸಿಕೊಳ್ಳಲು ಆಮ್‌ಸ್ಟರ್‌ಡಾಮಿನ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿತು. ಎಂಟು ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಅವಳು ಕೊನೆಯದಾಗಿ ಬರೆದದ್ದು ಅದಕ್ಕೆ ಮೂರು ದಿನ ಮೊದಲು. ಬಂಧನದ ನಂತರ ಅವರಿಗೆ ನೆರವಾಗುತ್ತಿದ್ದ ಮೀಪ್ ಗೀಸ್ ಎಂಬ ಕಚೇರಿ ಸಹಾಯಕಿ, ಚೆಲ್ಲಾಪಿಲ್ಲಿಯಾಗಿದ್ದ ಆ ಹಾಳೆಗಳನ್ನು ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಎತ್ತಿಟ್ಟಳು. ಹುಡುಗಿ ಹಿಂದಿರುಗಿದಾಗ ಅವಳ ಕೈಗೇ ಕೊಡಬೇಕೆಂದು ಮೇಜಿನ ಡ್ರಾಯರಿನಲ್ಲಿ ಇಟ್ಟಳು. ಓದಲಿಲ್ಲ. ಓದಿದ್ದರೆ, ಅದರಲ್ಲಿ ನೆರವು ನೀಡಿದವರ ವಿವರಗಳಿದ್ದುದರಿಂದ, ತಾನೇ ಸುಟ್ಟುಹಾಕಬೇಕಾಗುತ್ತಿತ್ತು ಎಂದು ಮೀಪ್ ಮುಂದೆ ಹೇಳಿದ್ದುಂಟು. ಅಂದರೆ ಲೋಕಪ್ರಸಿದ್ಧವಾದ ಆ ದಿನಚರಿ ಉಳಿದದ್ದೇ ಒಬ್ಬರು ಅದನ್ನು ಓದದೆ ಇದ್ದುದರಿಂದ. 1945ರಲ್ಲಿ ಆನ್ ಶಿಬಿರದಲ್ಲಿ ತೀರಿಕೊಂಡ ಸುದ್ದಿ ಖಚಿತವಾದ ಮೇಲಷ್ಟೇ ಮೀಪ್ ಆ ಹಾಳೆಗಳನ್ನು ಎಂಟು ಜನರಲ್ಲಿ ಬದುಕುಳಿದ ಏಕೈಕ ವ್ಯಕ್ತಿಯಾದ ಆನಳ ತಂದೆ ಆಟೊ ಫ್ರಾಂಕರ ಕೈಗಿತ್ತಳು. ಯುದ್ಧದ ನಂತರ ಪುಸ್ತಕವಾಗಿ ತರಬೇಕೆಂಬ ಆಸೆ ಆನಳದೇ ಆಗಿತ್ತು. ಅದಕ್ಕಾಗಿ ತನ್ನ ಬರಹವನ್ನು ತಾನೇ ತಿದ್ದಿ ಬರೆಯುತ್ತಿದ್ದಳು. 1947ರಲ್ಲಿ ಅದು ಪ್ರಕಟವಾಯಿತು. ಮಗಳೊಡನೆ ತುಂಬ ಆತ್ಮೀಯನಾಗಿದ್ದರೂ ಅವಳ ಯೋಚನೆಗಳು ಇಷ್ಟು ಆಳವಾಗಿದ್ದವೆಂದು ದಿನಚರಿ ಓದುವವರೆಗೂ ತನಗೆ ತಿಳಿದಿರಲಿಲ್ಲವೆಂದು ಆ ತಂದೆ ಹೇಳಿಕೊಂಡಿದ್ದಾರೆ. ಎರಡು ವರ್ಷ ಒಂದೇ ಸೂರಿನಡಿ, ಹೊರಗೆ ಹೆಜ್ಜೆಯಿಡದೆ ಜೊತೆಗಿದ್ದ ತಂದೆಯ ಮಾತಿದು. ಕಚೇರಿಯಿಂದ ರಾತ್ರಿ ಹತ್ತಕ್ಕೆ ಬರುತ್ತಿದ್ದ ನನ್ನಂತಹವರ ಪಾಡೇನು?

ಕಾನೂನಿನ ದೃಷ್ಟಿಯಿಂದಲೂ ಈ ಮಾತಿಗೆ ಬೆಂಬಲವಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಮಗುವಿನ ಖಾಸಗಿತನಕ್ಕೆ ರಕ್ಷಣೆ ನೀಡುತ್ತದೆ. ಭಾರತ ಅದನ್ನು ಒಪ್ಪಿಕೊಂಡದ್ದು 1992ರ ಡಿಸೆಂಬರಿನಲ್ಲಿ. ನಾನು ಮಗಳ ಡೈರಿಯ ಮೇಲೆ ಕೆಂಪು ಪೆನ್ನು ಹಿಡಿಯುವುದಕ್ಕೆ ಒಂದು ವರ್ಷ ಮೊದಲೇ! ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಕುರಿತು ನಾವು ಅಂದು ಖಾಸಗಿತನದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿದೆವು. ಅದೇ ಹಕ್ಕನ್ನು ಮಗುವಿನ ನೋಟ್‌ಪುಸ್ತಕಕ್ಕೆ ಅನ್ವಯಿಸುವಾಗ ಮಾತ್ರ ‘ನಮ್ಮ ಮನೆಯಲ್ಲಿ ಗುಟ್ಟುಗಳಿಲ್ಲ’ ಎನ್ನುತ್ತೇವೆ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಗು ಅಪಾಯದಲ್ಲಿದ್ದರೆ? ಅದಕ್ಕೆ ಯಾರೋ ಕಿರುಕುಳ ಕೊಡುತ್ತಿದ್ದರೆ, ಅದು ಪ್ರಾಣಕ್ಕೆ ಮುಳುವಾಗುವ ಯೋಚನೆಯಲ್ಲಿದ್ದರೆ? ನಿಜವಾದ ಶಂಕೆಗೆ ಕಾರಣವಿದ್ದಾಗ ರಕ್ಷಣೆಯ ಕರ್ತವ್ಯ ಖಾಸಗಿತನಕ್ಕಿಂತ ದೊಡ್ಡದು. ಆಗಲೂ ಮೊದಲು ಕೇಳಬೇಕು. ಅನಿವಾರ್ಯವಾಗಿ ಓದಿದರೆ ಓದಿದ್ದನ್ನು ಮಗುವಿಗೆ ಹೇಳಬೇಕು. ಆದರೆ ಊಟ ಬಿಟ್ಟಿದೆಯೇ, ನಿದ್ದೆ ಕೆಟ್ಟಿದೆಯೇ, ಗೆಳೆಯರಿಂದ ದೂರವಾಗಿದೆಯೇ ಎಂಬುದನ್ನು ತಿಳಿಯಲು ಡೈರಿ ಓದಬೇಕಾಗಿಲ್ಲ; ಮಗುವನ್ನು ನೋಡಿದರೆ ಸಾಕು. ಕದ್ದು ಓದುವ ಮನೆಯಲ್ಲಿ ಮಗು ಬರೆಯುವುದನ್ನಷ್ಟೇ ಅಲ್ಲ, ಹೇಳುವುದನ್ನೂ ನಿಲ್ಲಿಸುತ್ತದೆ. ಆಗ ನಿಜವಾದ ಅಪಾಯ ಬಂದಾಗಲೂ ನಮಗೆ ತಿಳಿಯುವುದಿಲ್ಲ.

ಹಾಗಾದರೆ ಹಿರಿಯರು ಮಾಡಬಹುದಾದದ್ದೇನು? ಗೆರೆ ಹಾಕಿದ ಒಂದು ಪುಸ್ತಕ ಕೊಡಿಸುವುದು. ಅದನ್ನು ಇಡಲು ಒಂದು ಜಾಗ ಕೊಡುವುದು. ನಿತ್ಯ ಬರೆಯಬೇಕೆಂದು ಹಠ ಹಿಡಿಯದಿರುವುದು. ವಾರಕ್ಕೆರಡು ದಿನ, ಒಂದೇ ವಾಕ್ಯವಾದರೂ, ಚಿತ್ರವಾದರೂ ಸರಿ. ತಾವೂ ಹತ್ತು ನಿಮಿಷ ಫೋನು ಪಕ್ಕಕ್ಕಿಟ್ಟು ಏನಾದರೂ ಬರೆಯುವುದು. ಮಕ್ಕಳು ಉಪದೇಶಕ್ಕಿಂತ ನಡೆಯನ್ನು ಹೆಚ್ಚು ಅನುಕರಿಸುತ್ತಾರೆ. ಮಗು ತಾನಾಗಿಯೇ ಓದಿ ತೋರಿಸಿದರೆ ವ್ಯಾಕರಣ ಮರೆತು ಕೇಳುವುದು.

ಆದರೆ ಎಲ್ಲ ಮಕ್ಕಳಿಗೂ ಡ್ರಾಯರುಗಳಿರುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಐವರ ಜೊತೆ ಬದುಕುವ ಮಗುವಿಗೆ ಗುಟ್ಟು ಬಚ್ಚಿಡಲು ಮೂಲೆಯೂ ಇಲ್ಲ. ಅಂತಹ ಮಕ್ಕಳಿಗೆ ಶಾಲೆಯೇ ಆ ಜಾಗವಾಗಬಲ್ಲದು. ವಾರಕ್ಕೊಮ್ಮೆ ಹತ್ತು ನಿಮಿಷ ಮೌನವಾಗಿ ಬರೆಯಲು ಬಿಟ್ಟು, ಪುಸ್ತಕಗಳನ್ನು ತರಗತಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ತೆರೆದು ನೋಡದಿರುವ ಶಿಕ್ಷಕರು ಇದ್ದರೆ ಸಾಕು. ಇದಕ್ಕೆ ಆದೇಶ ಬೇಡ, ಅನುದಾನ ಬೇಡ, ವರದಿಯಂತೂ ಖಂಡಿತ ಬೇಡ.

ಟ್ರಂಕಿನಲ್ಲಿ ಸಿಕ್ಕ ಡೈರಿಯನ್ನು ಮಗಳು ಬಂದಾಗ ಅವಳ ಕೈಗೆ ಕೊಟ್ಟೆ. ಅದನ್ನು ಬರೆದದ್ದೇ ಅವಳಿಗೆ ನೆನಪಿರಲಿಲ್ಲ. ನಗುತ್ತಾ ಪುಟ ತಿರುವಿದಳು. ಜನವರಿ 27ಕ್ಕೆ ಬಂದಾಗ ನಗು ನಿಂತಿತು. ‘ಆ ದಿನ ಎಲ್ಲಿಗೆ ಹೋಗಿದ್ದಿರಿ ಅಪ್ಪ?’ ಎಂದು ಕೇಳಿದಳು. ನನಗೆ ನೆನಪಾಗಲಿಲ್ಲ. ಅಂದಿನ ನನ್ನ ಪ್ರವಾಸ ದಿನಚರಿ ಎಲ್ಲಿಯೋ ದಾಖಲೆ ಕೊಠಡಿಯಲ್ಲಿ ಕೊಳೆತಿರಬೇಕು. ಇದ್ದರೂ ಅದರಲ್ಲಿ ‘ಕೇಂದ್ರಸ್ಥಾನದಲ್ಲಿ ಕಚೇರಿ ಕೆಲಸ’ ಎಂದಷ್ಟೇ ಇರುತ್ತದೆ. ಆ ದಿನ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಇರುವ ಒಂದೇ ದಾಖಲೆ ಆ ತಪ್ಪು ಕಾಗುಣಿತದ ವಾಕ್ಯ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಚಿಕ್ಕದು. ‘ನಿನಗೆ ತೋಚಿದ್ದು ಬರಿ, ಪುಟ್ಟಿ. ನಾನು ಓದುವುದಿಲ್ಲ.’ ಅವಳು ನಂಬಿದಳೋ ಇಲ್ಲವೋ ತಿಳಿಯದು. ಎರಡು ದಿನ ಪುಸ್ತಕವನ್ನು ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಈಗ ಊಟದ ಮೇಜಿನ ಮೇಲೆಯೇ ಬಿಟ್ಟು ಆಡಲು ಹೋಗುತ್ತಾಳೆ. ಅದನ್ನು ಒಂದು ಬದಿಗೆ ಸರಿಸಿ ತಟ್ಟೆ ಹಾಕುತ್ತೇನೆ.